ನಮ್ಮನೇಲಿ ತಿಂಡಿ ಎಂಟಕ್ಕೆ

ಅವತ್ತೂ ಐದೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿ, ಶುಕ್ರವಾರವಲ್ಲವೇ ಎಂದು ರಂಗೋಲಿಗೆ ಎರಡು ಎಳೆ ಹೆಚ್ಚು ಬಿಟ್ಟು, ಗೇಟಿಗೆ ನೇತುಹಾಕಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ಟು ತೆಗೆದುಕೊಂಡೆ. ರಾಜೀವನಗರದಲ್ಲಿ ನಮ್ಮ ಬೀದಿ ಬಹಳ ಕಿರಿದು. ಎದುರು ಮನೆಯವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತದೆ. ಬೆಳಗಿನ ಬಾಂಗು ಮುಗಿದು, ಆಟೋಗಳ ಸದ್ದು ಇನ್ನೂ ಏಳದ ಹತ್ತು ನಿಮಿಷ ಮಾತ್ರ ಬೀದಿ ಸ್ವಲ್ಪ ಅಗಲವಾದಂತೆ ಕಾಣುತ್ತದೆ. ಗೇಟಿನ ಪಕ್ಕದ ಕರಿಬೇವಿನ ಗಿಡದ ಒಂದು ಮಗ್ಗುಲು ಎಂದಿನಂತೆ ಬೋಳಾಗಿತ್ತು. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದಲೇ ಕೈ ಚಾಚಿ ಕಿತ್ತುಕೊಳ್ಳುತ್ತಾರೆ. ಹನ್ನೊಂದು ವರ್ಷದ ರೂಢಿ ಅದು. ಕೇಳುವುದನ್ನು ಅವರೂ ಬಿಟ್ಟಿದ್ದಾರೆ, ನೋಡುವುದನ್ನು ನಾನೂ ಬಿಟ್ಟಿದ್ದೇನೆ.

ಒಳಗೆ ಬಂದು ಅತ್ತೆಗೆ ಕಾಫಿ ಬೆರೆಸಿದೆ. ಸಕ್ಕರೆ ಇಲ್ಲದ ಕಾಫಿ. ಸಕ್ಕರೆ ಕಾಯಿಲೆ ಬಂದದ್ದು ನನಗಾದರೂ ಮೂರು ವಾರದಿಂದ ಮನೆಯವರೆಲ್ಲ ಕಹಿ ಕಾಫಿಯನ್ನೇ ಕುಡಿಯುತ್ತಿದ್ದರು. “ಕಣ್ಮುಂದೆ ಇದ್ರೆ ಕೈ ಸುಮ್ಕಿರಾಕಿಲ್ಲ” ಎಂದು ಅತ್ತೆ ಸಕ್ಕರೆ ಡಬ್ಬವನ್ನು ಮಗನ ಕೈಯಿಂದ ಅಟ್ಟಕ್ಕೆ ಹತ್ತಿಸಿದ್ದರು. ಅವರು ನಂಜನಗೂಡಿನ ಕಡೆಯ ಹಳ್ಳಿಯವರು. ಮದುವೆಯಾಗಿ ಮೈಸೂರಿಗೆ ಬಂದು ಐವತ್ತು ವರ್ಷವಾದರೂ ಮಾತು ಊರಿನದೇ.

ಏಳೂವರೆಗೆ ಫ್ರಿಜ್ಜು ತೆರೆದು ಪೆನ್ನು ತೆಗೆದೆ. ಅದರ ಜಾಗ ಬಾಗಿಲಿನ ಗೂಡಿನಲ್ಲಿ, ಬಾಳೆಲೆಯಲ್ಲಿ ಸುತ್ತಿಟ್ಟ ಮಲ್ಲಿಗೆ ದಂಡೆಯ ಪಕ್ಕ. ಹಾಗಾಗಿ ನನ್ನ ಇನ್ಸುಲಿನ್ನಿಗೆ ಯಾವಾಗಲೂ ಮಲ್ಲಿಗೆಯ ವಾಸನೆ. ನೋಡಲು ನಾವು ಕಾನ್ವೆಂಟಿನಲ್ಲಿ ಹಿಡಿಯುತ್ತಿದ್ದ ಇಂಕು ಪೆನ್ನಿನಂತೆಯೇ ಇದೆ, ಸ್ವಲ್ಪ ದಪ್ಪ. ಹಿಂಬದಿಯನ್ನು ತಿರುಗಿಸಿದರೆ ಟಿಕ್ ಟಿಕ್ ಎಂದು ಒಂದೊಂದೇ ಅಂಕಿ ಮುಂದಕ್ಕೆ ಸರಿಯುತ್ತದೆ. ಸೂಜಿ ಎಷ್ಟು ಸಣ್ಣದೆಂದರೆ, ಸೀರೆಗೆ ಫಾಲ್ ಹಚ್ಚುವಾಗ ಬೆರಳಿಗೆ ಚುಚ್ಚಿಕೊಂಡಷ್ಟೂ ನೋಯುವುದಿಲ್ಲ. ಹೊಟ್ಟೆಗೆ ಚುಚ್ಚಿ, ಗುಂಡಿ ಒತ್ತಿ, ಹತ್ತು ಎಣಿಸಿ ತೆಗೆಯಬೇಕು. ಆ ಹತ್ತನ್ನು ನಾನು ಇಂಗ್ಲಿಷಿನಲ್ಲಿ ಎಣಿಸುತ್ತೇನೆ. ಭಯವಾದಾಗ ನನಗೆ ಕಾನ್ವೆಂಟಿನ ಭಾಷೆ ಬಾಯಿಗೆ ಬರುತ್ತದೆ.

ಇದೆಲ್ಲ ಶುರುವಾದದ್ದು ಬಾಯಾರಿಕೆಯಿಂದ. ಒಂದೆರಡು ತಿಂಗಳಿಂದ ಎಷ್ಟು ನೀರು ಕುಡಿದರೂ ನಾಲಿಗೆ ಒಣಗುತ್ತಿತ್ತು. ಬಳೆಗಳು ಕೈಯಲ್ಲಿ ಸಡಿಲವಾಗಿ ಮೊಣಕೈವರೆಗೆ ಜಾರುತ್ತಿದ್ದವು. ಬೇಸಿಗೆ ಎಂದುಕೊಂಡೆ. ಬೇಸಿಗೆ ಮುಗಿದ ಮೇಲೂ ಬಳೆ ಜಾರುವುದು ನಿಲ್ಲಲಿಲ್ಲ. ಪಿಯುಸಿ ಓದುವ ಮಗಳು “ಅಮ್ಮ, ಒಂದ್ಸಲ ಟೆಸ್ಟ್ ಮಾಡಿಸು” ಎಂದು ಹಿಂದೆ ಬಿದ್ದಳು. ರಿಪೋರ್ಟು ನೋಡಿದ ಡಾಕ್ಟರಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, “ಇಷ್ಟು ಮೇಲಿರೋ ಸಕ್ಕರೆಗೆ ಬರೀ ಮಾತ್ರೆ ಸಾಲಲ್ಲ ಕಣಮ್ಮ. ಕೆಲವು ವಾರ ಇನ್ಸುಲಿನ್ ಹಾಕೋಣ” ಅಂದರು.

ನನ್ನ ಪಕ್ಕ ಕೂತಿದ್ದ ಇವರು ಬೆಚ್ಚಿಬಿದ್ದರು. “ಇನ್ಸುಲಿನ್ನಾ? ಇನ್ನೂ ಮೊನ್ನೆ ಗೊತ್ತಾಗಿರೋದು ಡಾಕ್ಟ್ರೇ. ಅದು ಕೊನೇಲಿ ಕೊಡೋದಲ್ವಾ?”

“ಕೊನೇಲಿ ಕೊಟ್ಟೂ ಕೊಟ್ಟೂ ಅದಕ್ಕೆ ಆ ಹೆಸರು ಬಂದಿದೆ” ಎಂದು ಅವರು ನಕ್ಕರು. ಒಂದು ಚೀಟಿಯ ಹಿಂಬದಿಯಲ್ಲಿ ಉದ್ದನೆಯ ಎಲೆಯಂಥದ್ದನ್ನು ಬರೆದರು. “ಇದು ನಿಮ್ಮ ಪ್ಯಾಂಕ್ರಿಯಾಸ್. ಇನ್ಸುಲಿನ್ ತಯಾರು ಮಾಡೋದು ಇದೇ. ಸಕ್ಕರೆ ಇಷ್ಟು ಏರಿ ಕೂತಾಗ ಇದು ಬಿಡುವಿಲ್ದೆ ದುಡಿದೂ ದುಡಿದೂ ಸೋತಿರುತ್ತೆ. ಅದರೊಳಗಿನ ಕೆಲವು ಜೀವಕೋಶಗಳು ಸುಸ್ತಾಗಿ ಸುಮ್ಮನೆ ಕೂತಿವೆ. ಸತ್ತಿಲ್ಲ. ಈಗ ಹೊರಗಿಂದ ಇನ್ಸುಲಿನ್ ಕೊಟ್ಟು ಅದಕ್ಕೆ ಸ್ವಲ್ಪ ರಜ ಕೊಡೋಣ. ಚೇತರಿಸ್ಕೊಂಡ್ರೆ ಆಮೇಲೆ ಮಾತ್ರೆಲೇ ನಡೀಬಹುದು. ಎಲ್ಲರಿಗೂ ಹಾಗೆ ಆಗುತ್ತೆ ಅಂತ ನಾನು ಮಾತು ಕೊಡಲ್ಲ. ಆದ್ರೆ ಪ್ರಯತ್ನ ಮಾಡೋದಿದ್ರೆ ಇದೇ ಸಮಯ. ವರ್ಷಗಟ್ಟಲೆ ಬಿಟ್ಟು ಬಂದ್ರೆ, ಎಬ್ಬಿಸೋಕೆ ಒಳಗೆ ಯಾರೂ ಇರಲ್ಲ.”

ಆ ಎಲೆ ನನಗೆ ಪರಿಚಯದ್ದು. ಒಂಬತ್ತನೇ ಕ್ಲಾಸಿನ ಬಯಾಲಜಿ ಪುಸ್ತಕದಲ್ಲಿ, ಹೊಟ್ಟೆಯ ಹಿಂದೆ ಅಡಗಿದ್ದ ಅದಕ್ಕೆ ಗೆರೆ ದಾಟದಂತೆ ಹಳದಿ ಪೆನ್ಸಿಲ್ಲಿನಲ್ಲಿ ಬಣ್ಣ ತುಂಬಿದ್ದೆ. ಹೃದಯಕ್ಕೆ ಕೆಂಪು, ಶ್ವಾಸಕೋಶಕ್ಕೆ ಗುಲಾಬಿ ಎಂದು ಹುಡುಗಿಯರೆಲ್ಲ ಬಣ್ಣಕ್ಕೆ ಕಿತ್ತಾಡುತ್ತಿದ್ದರು. ಇದರ ಹಳದಿಗೆ ಮಾತ್ರ ಯಾರೂ ಬರುತ್ತಿರಲಿಲ್ಲ.

ಮನೆಗೆ ಬಂದಾಗ, ಅಲ್ಲಿ ಕೊಟ್ಟಿದ್ದ ಕನ್ನಡದ ಕೈಚೀಟಿಯನ್ನು ಅತ್ತೆ ಕಿಟಕಿಯ ಬೆಳಕಿಗೆ ಹಿಡಿದು ಅಕ್ಷರ ಅಕ್ಷರ ಜೋಡಿಸಿ ಓದಿದರು. “ಮೇ... ದೋ... ಜೀ... ರ... ಕ... ಗ್ರಂಥಿ. ಜೀರ್ಕ ಅಂದ್ರೆ ಜೀರ್ಗೆನೇ ಅಲ್ವಾ? ನೋಡು, ಎಸ್ರಲ್ಲೇ ಔಸ್ದಿ ಅದೆ ಕಣವ್ವ. ಇದ್ಕೆ ಸೂಜಿ ಯಾಕೆ?”

“ಅದು ಬೇರೆ ಅತ್ತೆ. ಜೀರ್ಣ ಆಗೋದಕ್ಕೆ ಸಂಬಂಧಪಟ್ಟದ್ದು” ಅಂದೆ.

“ಜೀರ್ಗೆ ಮತ್ತಿನ್ಯಾತಕ್ಕೆ? ಜೀರ್ಣ ಆಗಕ್ಕೇ ಅಲ್ವಾ?”

ಮರುದಿನದಿಂದ ಪ್ರತಿ ಬೆಳಗ್ಗೆ ನನಗೆ ಒಂದು ಲೋಟ ಕುದಿಸಿದ ಜೀರಿಗೆ ನೀರು. ವಾದದಲ್ಲಿ ನಾನು ಅವರನ್ನು ಯಾವತ್ತೂ ಗೆದ್ದವಳಲ್ಲ.

ಅವರ ಹೆದರಿಕೆಗೆ ಕಾರಣವಿತ್ತು. ಮಾವನವರಿಗೆ ಇನ್ಸುಲಿನ್ ಶುರುವಾಗುವ ಹೊತ್ತಿಗೆ ಎಡಗಾಲಿನ ಎರಡು ಬೆರಳು ಹೋಗಿದ್ದವು. ಆಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ. ಮನೆಯವರ ಮನಸ್ಸಿನಲ್ಲಿ ಇನ್ಸುಲಿನ್ ಬಂತು, ಮಾವ ಹೋದರು. ಅದಕ್ಕೂ ಮೊದಲು ಎಷ್ಟು ವರ್ಷ ಸಕ್ಕರೆ ಮೇಲೆಯೇ ಇತ್ತು ಎಂಬುದನ್ನು ಯಾರೂ ನೆನೆಯುತ್ತಿರಲಿಲ್ಲ. ಅವರ ಚಪ್ಪಲಿಗಳನ್ನು ಅತ್ತೆ ಇನ್ನೂ ಇಟ್ಟುಕೊಂಡಿದ್ದಾರೆ. ಬೆರಳಿಲ್ಲದ ಕಾಲಿನಿಂದ ಜಾರದಿರಲಿ ಎಂದು ಎಡಗಾಲಿನದಕ್ಕೆ ಹಿಮ್ಮಡಿಯ ಹತ್ತಿರ ಒಂದು ಪಟ್ಟಿ ಹೊಲಿಸಿದ್ದರು. ಕಪಾಟು ಒರೆಸುವಾಗಲೆಲ್ಲ ಆ ಪಟ್ಟಿ ನನ್ನ ಕಣ್ಣಿಗೆ ಬೀಳುತ್ತದೆ. ಒಳಗೆ ಇನ್ನೂ ಎಬ್ಬಿಸಬಹುದಾದವರು ಇದ್ದಾರೆ ಎಂಬ ಡಾಕ್ಟರಮ್ಮನ ಮಾತು ನನಗೆ ಹಿಡಿಸಿಬಿಟ್ಟಿತ್ತು. ಈ ಕೆಲವು ವಾರ ತಪ್ಪಿಸಬಾರದು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಇವರು ಮೂರು ದಿನ ಯೋಚಿಸಿ ಒಪ್ಪಿದರು, ಒಂದು ಕರಾರಿನ ಮೇಲೆ: “ಏನಾದ್ರೂ ಎಡವಟ್ಟಾದ್ರೆ ಅವತ್ತೇ ನಿಲ್ಲಿಸ್ಬಿಡಬೇಕು. ಆಯ್ತಾ?” ಪಕ್ಕದ ಮನೆಗೂ ಹೇಳಕೂಡದು ಅಂದರು. ನಾನು ಎರಡಕ್ಕೂ ಹೂಂ ಅಂದೆ.

ಪೆನ್ನು ಹಿಡಿಯುವುದನ್ನು ಕಲಿಸಿದ ನರ್ಸು ಚುರುಕಾದ ಹುಡುಗಿ. ಕಾಗದ, ಪೆನ್ನು ಹಿಡಿದು, “ತಿಂಡಿ ಎಷ್ಟು ಗಂಟೆಗಮ್ಮ?” ಎಂದು ಕೇಳಿದಳು.

“ನಮ್ಮನೇಲಿ ತಿಂಡಿ ಎಂಟಕ್ಕೆ” ಅಂದೆ. ಸ್ವಲ್ಪ ಹೆಮ್ಮೆಯಿಂದಲೇ ಅಂದೆ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಎಂಟು ಹೋಗಿ ಎಂಟೂಕಾಲಾದದ್ದು ಎಣಿಸಿದಷ್ಟು ದಿನ.

“ಹಾಗಿದ್ರೆ ಏಳೂವರೆಗೆ ಹಾಕ್ಕೊಳ್ಳಿ. ರಾತ್ರಿ ಊಟಕ್ಕೂ ಹೀಗೇ, ಅರ್ಧ ಗಂಟೆ ಮುಂಚೆ ಒಂದ್ಸಲ. ಅರ್ಧ ಗಂಟೆಗೆ ತಿಂಡಿ ಆಗ್ಲೇಬೇಕು. ಕೈ ನಡುಗಿ, ಬೆವರು ಬಂದ್ರೆ ತಕ್ಷಣ ಸಕ್ಕರೆ ಬಾಯಿಗೆ ಹಾಕ್ಕೊಳ್ಳಿ.” ನಾನು ತಲೆಯಾಡಿಸಿದೆ. ತಪ್ಪು ಹೇಳಿದೆ ಎಂದು ನನಗೆ ಹೊಳೆಯಲೇ ಇಲ್ಲ. ಮೊದಲ ಎರಡು ವಾರ ಏನೂ ಆಗಲಿಲ್ಲ. ಅಂಕಿಗಳು ದಿನದಿನಕ್ಕೂ ಇಳಿದವು. ಬಾಯಾರಿಕೆ ಹೋಯಿತು.

ಆ ಶುಕ್ರವಾರ ಸಬ್ಬಸಿಗೆ ಸೊಪ್ಪು ಹಾಕಿದ ಅಕ್ಕಿ ರೊಟ್ಟಿ. ಅಕ್ಕಿ ರೊಟ್ಟಿ ಎಂದರೆ ಒಂದೊಂದೇ ತಟ್ಟಿ, ಬೇಯಿಸಿ, ಬಿಸಿಯಾಗಿಯೇ ತಟ್ಟೆಗೆ ಹಾಕಬೇಕು. ಆರಿದರೆ ಚರ್ಮದ ಹಾಗಾಗುತ್ತದೆ. ಎಂಟಕ್ಕೆ ಸರಿಯಾಗಿ ಇವರೂ ಮಗಳೂ ಕೂತರು. ಮಗಳಿಗೆ ಅಂಚು ಗರಿಗರಿಯಾಗಬೇಕು, ಇವರಿಗೆ ಮೆತ್ತಗಿರಬೇಕು. ಮಗಳು ಬಸ್ಸಿಗೆ ಓಡಿದಳು. ಇವರು ಇನ್ನೊಂದು ಹಾಕಿಸಿಕೊಂಡು, ದೇವರಾಜ ಮೊಹಲ್ಲಾದ ತಮ್ಮ ಪಾತ್ರೆ ಅಂಗಡಿಗೆ ಸ್ಕೂಟರಿನಲ್ಲಿ ಹೊರಟರು. ಅತ್ತೆ ಸ್ನಾನ ಮಾಡಿ ದೇವರ ಮುಂದೆ ಕೂತರು. ಅವರ ಪೂಜೆ ಮುಗಿದ ಮೇಲೆ ಅವರಿಗೆ ಎರಡು ರೊಟ್ಟಿ, ಆಮೇಲೆ ನನಗೆ. ನಾನು ಸಿಂಕಿನ ಮುಂದೆ ನಿಂತು ತಟ್ಟೆ ತೊಳೆಯುತ್ತಿದ್ದೆ.

ಮೊದಲು ಬಂದದ್ದು ಬೆವರು, ಕುತ್ತಿಗೆಯ ಹಿಂದೆ, ತಣ್ಣಗೆ. ಒಲೆಯ ಮುಂದೆ ನಿಂತದ್ದಕ್ಕೆ ಎಂದುಕೊಂಡೆ. ತುಟಿ ಜುಮ್ಮೆಂದಿತು. ಎಲ್ಲೋ ಟಿಣಿಟಿಣಿ ಎಂದು ಸದ್ದು ಬರುತ್ತಿತ್ತು. ಅತ್ತೆ ಗಂಟೆ ಬಾರಿಸುತ್ತಿದ್ದಾರೆ, ಮಂಗಳಾರತಿಯಾಯಿತು ಅಂದುಕೊಂಡೆ. ನೋಡಿದರೆ ನನ್ನ ಕೈಯಲ್ಲಿದ್ದ ಸ್ಟೀಲ್ ಲೋಟ ನಲ್ಲಿಗೆ ಬಡಿಯುತ್ತಿತ್ತು. ಆಗ ನರ್ಸಿನ ಮಾತು ನೆನಪಾಯಿತು. ಸಕ್ಕರೆ. ಅಟ್ಟದ ಕಡೆ ನೋಡಿದೆ. ಡಬ್ಬದ ನೀಲಿ ಮುಚ್ಚಳ ಕಾಣುತ್ತಿತ್ತು, ಚಾಮುಂಡಿ ಬೆಟ್ಟದ ಮೇಲಿನ ದೀಪದಷ್ಟು ದೂರದಲ್ಲಿ. ಅಡುಗೆ ಮನೆಯ ನೆಲದ ಮೇಲೆ ಹಾಗೆಯೇ ಕೂತುಬಿಟ್ಟೆ. ಲೋಟ ಕೈಜಾರಿ ಉರುಳಿಕೊಂಡು ಹೋಯಿತು.

ಅತ್ತೆ ಪೂಜೆಯ ನಡುವೆ ಏಳುವವರಲ್ಲ. ಫೋನು ಬಂದರೂ ಗೇಟು ಬಡಿದರೂ ಇನ್ನಷ್ಟು ಜೋರಾಗಿ ಗಂಟೆ ಬಾರಿಸುತ್ತಾರೆ, ಅಷ್ಟೆ. ಅವತ್ತು ಎದ್ದು ಬಂದರು.

“ಯಾಕವ್ವ, ಇಂಗ್ಯಾಕೆ ಕುಂತ್ಕಂಡೆ?”

“ಸಕ್ಕರೆ” ಅಂದೆ. ಅಷ್ಟೇ ಬಂತು ಬಾಯಿಂದ.

ಅವರು ಅಟ್ಟದ ಕಡೆ ನೋಡಿದರು, ನನ್ನ ಮುಖ ನೋಡಿದರು. ಸರ್ರನೆ ತಿರುಗಿ ಹೋದವರು ದೇವರ ಮುಂದಿನ ಬೆಳ್ಳಿ ಬಟ್ಟಲನ್ನು ಹಿಡಿದುಕೊಂಡು ಬಂದರು. ಪ್ರತಿ ಶುಕ್ರವಾರ ನೈವೇದ್ಯಕ್ಕೆ ಇಡುವ ಹಾಲು ಸಕ್ಕರೆ. ಮನೆಯಲ್ಲಿ ಅಟ್ಟ ಹತ್ತದೆ ಕೆಳಗೆ ಉಳಿದಿದ್ದ ಸಕ್ಕರೆ ದೇವರದು ಮಾತ್ರ.

“ಕುಡಿ.”

“ಅತ್ತೆ, ಇನ್ನೂ ನೈವೇದ್ಯ ಆಗಿಲ್ಲ...”

“ತಾಯಿ ಕಾದಾಳು. ಕುಡಿ ನೀನು.” ಬಟ್ಟಲನ್ನು ನನ್ನ ತುಟಿಗೆ ಒತ್ತಿ ಹಿಡಿದರು. ಕುಂಕುಮ ಮೆತ್ತಿದ ಅವರ ಬೆರಳು ನನ್ನ ಗಲ್ಲಕ್ಕೆ ತಾಕಿತು. ಆಮೇಲೆ ದೇವರ ಮನೆಯ ಸಣ್ಣ ಡಬ್ಬವನ್ನೇ ತಂದು ನನ್ನ ಅಂಗೈಗೆ ಇನ್ನೂ ಒಂದು ಚಮಚ ಸುರಿದರು. ಹದಿನೈದು ನಿಮಿಷದಲ್ಲಿ ಕೈಗಳು ನನ್ನ ಕೈಗಳಾದವು. ಅತ್ತೆ ತಾವೇ ಒಲೆ ಹಚ್ಚಿ ಒಂದು ರೊಟ್ಟಿ ತಟ್ಟಿ, ನಾನು ತಿನ್ನುವವರೆಗೂ ಎದುರಿಗೆ ಕೂತಿದ್ದರು. ಅವರ ರೊಟ್ಟಿ ನನ್ನದಕ್ಕಿಂತ ತೆಳ್ಳಗಿರುತ್ತದೆ. ಅವತ್ತು ಮಾತ್ರ ಅಂಚು ಹರಿದಿತ್ತು.

ಫೋನು ಮಾಡಿದ ಅರ್ಧ ಗಂಟೆಗೆ ಇವರು ಬಂದರು. ಹೆಲ್ಮೆಟ್ಟು ತೆಗೆಯಲೂ ಮರೆತಿದ್ದರು. “ನಾನು ಅವತ್ತೇ ಹೇಳಿರ್ಲಿಲ್ವಾ? ಸಾಕು, ಇವತ್ತಿಗೆ ನಿಲ್ಲಿಸು. ಈ ಪೆನ್ನು ಆ ಡಾಕ್ಟರಮ್ಮಂಗೇ ವಾಪಸ್ ಕೊಟ್ಬಿಡ್ತೀನಿ” ಎಂದು ಫ್ರಿಜ್ಜಿನಿಂದ ಅದನ್ನು ತೆಗೆದು ಶರ್ಟಿನ ಜೇಬಿಗೆ, ಅಂಗಡಿಯ ಬಾಲ್ ಪೆನ್ನಿನ ಪಕ್ಕ ಸಿಕ್ಕಿಸಿಕೊಂಡರು. ಕೂಗಾಡುವ ಮನುಷ್ಯ ಅಲ್ಲ ಅವರು. ದನಿ ಏರಿದ್ದು ಭಯಕ್ಕೆ.

ನನ್ನ ಕೆಲವು ವಾರ ಆ ಜೇಬಿನಲ್ಲಿ ಹೊರಟುಹೋಗುವುದು ನನಗೆ ಕಾಣಿಸಿತು. ಎದುರು ಮಾತಾಡಿ ರೂಢಿಯಿಲ್ಲ. “ಕೊಡೋಕೆ ನಾನೂ ಬರ್ತೀನಿ ರೀ” ಅಂದೆ.

“ನೀನ್ಯಾಕೆ?”

“ಯಾಕಾಯ್ತು ಅಂತ ಕೇಳ್ಬೇಕು. ಕೇಳಿ ಕೊಟ್ಟು ಬರೋಣ.”

“ನಾನೂವೆ ಬತ್ತೀನಿ” ಅಂದರು ಅತ್ತೆ. ಆಗಲೇ ಸೆರಗು ಹೊದ್ದುಕೊಂಡಿದ್ದರು.

ಆಟೋದಲ್ಲಿ ಮೂವರೂ ಹೋದೆವು. ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಗಾಬರಿಯನ್ನೂ ತೋರಿಸಲಿಲ್ಲ, ಬೈಯಲೂ ಇಲ್ಲ.

“ಸೂಜಿ ಎಷ್ಟು ಗಂಟೆಗೆ ಹಾಕ್ಕೊಂಡ್ರಿ?”

“ಏಳೂವರೆಗೆ.”

“ತಿಂಡಿ?”

“ನಮ್ಮನೇಲಿ ತಿಂಡಿ ಎಂಟಕ್ಕೆ.”

“ಮನೇದಲ್ಲಮ್ಮ ನಾನು ಕೇಳಿದ್ದು. ನೀವು ಎಷ್ಟು ಗಂಟೆಗೆ ತಿಂದ್ರಿ?”

ಮೇಜಿನ ಮೇಲೆ ಗಾಜಿನ ಗುಂಡೊಂದಿತ್ತು, ಒಳಗೆ ಹಳದಿ ಹೂವು. ನಾನು ಅದನ್ನೇ ನೋಡುತ್ತಿದ್ದೆ. ಇವರು ನನ್ನ ಪರವಾಗಿ, “ಎಂಟಕ್ಕೇ ಡಾಕ್ಟ್ರೇ. ನಾವೆಲ್ಲ...” ಎಂದು ಶುರು ಮಾಡಿ ನಿಲ್ಲಿಸಿಬಿಟ್ಟರು. ನನ್ನ ಕಡೆ ತಿರುಗಿದರು. “ತಿಂದಿದ್ಯಲ್ವಾ?” ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವರು ನೋಡುವ ಹೊತ್ತಿನಲ್ಲೆಲ್ಲ ನಾನು ಬಡಿಸುತ್ತಿರುತ್ತೇನೆ.

“ಇವ್ಳು ತಿನ್ನದು ಅತ್ತೂವರೆಗೆ” ಎಂದರು ಅತ್ತೆ, ಹಿಂದಿನ ಬೆಂಚಿನಿಂದ. “ಎಲ್ರುದೂ ಆಗ್ಬೇಕು, ನಂದೂ ಆಗ್ಬೇಕು, ಆಮೇಕೆ. ನಂಗೊತ್ತಿಲ್ವಾ? ನಾನೂ ಅಂಗೇ ತಿಂದವ್ಳು.”

ಯಾರೂ ನನಗೆ ಕೊನೆಯಲ್ಲಿ ತಿನ್ನು ಎಂದು ಹೇಳಿರಲಿಲ್ಲ. ಇದನ್ನು ಅತ್ತೆಯ ಪರವಾಗಿ ಬರೆಯಲೇಬೇಕು. ಕಾನ್ವೆಂಟಿನಲ್ಲಿ ಹತ್ತು ವರ್ಷ, ಗಂಟೆ ಹೊಡೆದೊಡನೆ ಡಬ್ಬಿ ಬಿಚ್ಚಿದವಳು ನಾನು. ಗಂಟೆಯಾದರೆ ಸಿಸ್ಟರುಗಳೂ ನಮ್ಮ ಜೊತೆ ಕೂರುತ್ತಿದ್ದರು. ಪ್ರಾರ್ಥನೆ ಮುಗಿಯುತ್ತಿದ್ದಂತೆ ಇಡೀ ಊಟದ ಕೋಣೆಯಲ್ಲಿ ಡಬ್ಬಿಗಳ ಮುಚ್ಚಳ ಒಂದೇ ಸಲ ಟಪಟಪ ಎನ್ನುತ್ತಿತ್ತು. ಮದುವೆಯಾಗಿ ಬಂದ ಮೊದಲ ವಾರ ಅತ್ತೆ ನಿಂತೇ ಇರುವುದನ್ನು ನೋಡಿದೆ. ನಾನೂ ನಿಂತೆ. ಅಷ್ಟೇ ಆದದ್ದು.

“ಮತ್ತೆ ಇಷ್ಟು ದಿನ ಯಾಕೆ ಏನೂ ಆಗ್ಲಿಲ್ಲ?” ಎಂದು ಇವರು ಕೇಳಿದರು. ದನಿ ಇಳಿದಿತ್ತು.

“ಇಷ್ಟು ದಿನ ಸಕ್ಕರೆ ಅಷ್ಟು ಮೇಲಿತ್ತು. ತಡವಾಗಿ ತಿಂದ್ರೂ ತಡ್ಕೊಳ್ತು. ಈಗ ಇಳಿದಿದೆ. ಜೊತೆಗೆ ಒಳಗಿನದೂ ಸ್ವಲ್ಪ ಕೆಲಸಕ್ಕೆ ಬಂದಿರಬಹುದು. ಅದಕ್ಕೇ ಹೊರಗಿಂದ ಕೊಡೋದು ಹೆಚ್ಚಾಗಿದೆ. ಕಮ್ಮಿ ಮಾಡ್ತೀನಿ. ಇನ್ನೆರಡು ವಾರ ಬಿಟ್ಟು, ನಿಮ್ಮದೇ ಇನ್ಸುಲಿನ್ ಎಷ್ಟು ತಯಾರಾಗ್ತಿದೆ ಅಂತ ರಕ್ತ ಪರೀಕ್ಷೆ ಮಾಡೋಣ. ನಿಲ್ಲಿಸೋ ಮಾತು ಆಮೇಲೆ. ಈಗ ಅರ್ಧಕ್ಕೆ ಬಿಟ್ರೆ ಇಷ್ಟು ದಿನ ಮಾಡಿದ್ದು ವ್ಯರ್ಥ.”

“ಎದ್ದದಾ ಅದು?” ಎಂದರು ಅತ್ತೆ.

“ಕಣ್ಣು ಬಿಡ್ತಾ ಇದೆ ಅನ್ಸುತ್ತೆ ಅಜ್ಜಿ. ನೋಡ್ಬೇಕು.”

“ನಾನು ದಿನಾ ಜೀರ್ಗೆ ನೀರು ಕೊಟ್ಟಿವ್ನಿ.”

“ಕೊಡಿ, ಪರವಾಗಿಲ್ಲ. ಆದ್ರೆ ಎಂಟು ಗಂಟೆಗೆ ತಿಂಡೀನೂ ಕೊಡಿ. ಕೈಗೆಟಕೋ ಕಡೆ ಸಕ್ಕರೇನೂ ಇಡಿ.”

ಇವರು ಜೇಬಿನಿಂದ ಪೆನ್ನು ತೆಗೆದರು. ಅದನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು, “ಡಾಕ್ಟ್ರೇ, ಕಮ್ಮಿ ಮಾಡಿದ ಅಂಕಿ ಇದರಲ್ಲಿ ಎಲ್ಲಿ ಕಾಣುತ್ತೆ?” ಎಂದು ಕೇಳಿದರು.

ಸಂಜೆ ಅವರು ಸ್ಟೂಲು ಹತ್ತಿ ಸಕ್ಕರೆ ಡಬ್ಬವನ್ನು ಅಟ್ಟದಿಂದ ಇಳಿಸಿದರು. ಅತ್ತೆ ಅದರಿಂದ ಒಂದು ಪುಟ್ಟ ಡಬ್ಬಿಗೆ ತುಂಬಿ ಒಲೆಯ ಪಕ್ಕ ಇಟ್ಟರು. ಬೆಳಗ್ಗೆ ಅರ್ಧಕ್ಕೆ ನಿಂತಿದ್ದ ಪೂಜೆಗೆ ದೀಪ ಹಚ್ಚಿ, ಹೊಸದಾಗಿ ಹಾಲು ಸಕ್ಕರೆ ಇಟ್ಟು, ದೇವರ ಹತ್ತಿರ ಏನೋ ಗೊಣಗಿಕೊಂಡರು. ರಾತ್ರಿಯ ಸೂಜಿಗೆ ಏಳೂವರೆಗೆ ಪೆನ್ನು ತಿರುಗಿಸಿದೆ. ಟಿಕ್ ಟಿಕ್ ಬೇಗ ಮುಗಿಯಿತು. ಅದು ಬೇಗ ಮುಗಿದದ್ದು ಎಷ್ಟು ಹಿತವಾಗಿತ್ತೆಂದರೆ, ಅವತ್ತು ಹತ್ತನ್ನು ಕನ್ನಡದಲ್ಲೇ ಎಣಿಸಿದೆ.

ಎಂಟಕ್ಕೆ ನಾಲ್ಕು ತಟ್ಟೆ. ಅನ್ನ, ಸಾರಿನ ಪಾತ್ರೆ, ಹುರುಳಿಕಾಯಿ ಪಲ್ಯ ಎಲ್ಲವನ್ನೂ ಅತ್ತೆ ಮೇಜಿನ ನಡುವೆ ಇಡಿಸಿದರು. ಬಡಿಸುವವರಿಲ್ಲದೆ ಎಲ್ಲರೂ ಪಾತ್ರೆಗಳ ಕಡೆಯೂ ನನ್ನ ಕಡೆಯೂ ನೋಡಿದರು. ಮಗಳೇ ಮೊದಲು ಸೌಟಿಗೆ ಕೈ ಹಾಕಿದಳು. ಇವರು ಸಾರು ಹಾಕಿಕೊಳ್ಳಲು ಹೋಗಿ ಮೇಜಿನ ಮೇಲೆಲ್ಲ ಚೆಲ್ಲಿದರು.

“ಅಪ್ಪಾ, ಅಂಗಡೀಲಿ ದಿನಾ ಸೌಟು ಮಾರ್ತೀಯ. ಹಿಡಿಯೋಕೇ ಬರಲ್ವಾ?”

“ಮಾರೋದಷ್ಟೇ ಕಣೆ ನನ್ನ ಕೆಲಸ.”

ಕುಳಿತ ನನ್ನ ಬೆನ್ನಿಗೆ ಒಲೆಯ ಕಾವು ತಾಗದಿರುವುದು ವಿಚಿತ್ರವಾಗಿತ್ತು. ಹಪ್ಪಳ ಸುಡಲು ಮರೆತೆನಲ್ಲ ಎಂದು ಅರ್ಧ ಎದ್ದೆ. “ಕುಂತ್ಕೊ” ಅಂದರು ಅತ್ತೆ, ತಟ್ಟೆಯಿಂದ ತಲೆಯೆತ್ತದೆ. ಕುಂತೆ. ಅನ್ನ ಇನ್ನೂ ಹೊಗೆಯಾಡುತ್ತಿತ್ತು. ನನ್ನ ಸಾರಿಗೆ ಇಷ್ಟು ಇಂಗಿನ ಪರಿಮಳ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಉಣ್ಣುವ ಹೊತ್ತಿಗೆ ಅದು ಆರಿಹೋಗಿರುತ್ತದೆ.

ಆಗ ಗೇಟು ಕಿರುಗುಟ್ಟಿತು. ಪಕ್ಕದ ಮನೆಯಾಕೆ, ಕಳೆದ ವಾರ ಒಯ್ದಿದ್ದ ಚಕ್ಕುಲಿ ಒರಳನ್ನು ಹಿಂದಿರುಗಿಸಲು ಬಂದಿದ್ದರು.

“ಅಯ್ಯೋ, ಊಟದ ಹೊತ್ತಿಗೇ ಬಂದ್ಬುಟ್ನಾ? ಏಳ್ಬೇಡಿ ಏಳ್ಬೇಡಿ, ಇಲ್ಲೇ ಇಟ್ಟು ಹೋಗ್ತೀನಿ.” ಒರಳನ್ನು ಫ್ರಿಜ್ಜಿನ ಮೇಲಿಟ್ಟು ಹೊರಟವರು, ಬಾಗಿಲಲ್ಲಿ ಕಾಲಿನಿಂದ ಚಪ್ಪಲಿ ಹುಡುಕುತ್ತಾ ಒಮ್ಮೆ ತಿರುಗಿ ನನ್ನನ್ನು ನೋಡಿದರು.

“ಅಲ್ಲ ಕಣ್ರೀ, ಹನ್ನೊಂದು ವರ್ಷದಿಂದ ಪಕ್ಕದಲ್ಲೇ ಇದೀನಿ. ನೀವು ಕೂತ್ಕೊಂಡು ಊಟ ಮಾಡೋದ್ನ ಇವತ್ತೇ ನೋಡಿದ್ದು ನೋಡಿ!”